ಎರಡನೇ ಸಾಲು

ನೆರಳುಮನೆಯಲ್ಲಿ ಎರಡು ಸಾಲು ಕುಂಡಗಳಿದ್ದವು. ಒಂದೊಂದು ಕುಂಡದಲ್ಲೂ ಮುರುಗಲಿನ ಗಂಡು ಸಸಿ ಒಂದು, ಹೆಣ್ಣು ಸಸಿ ಒಂದು. ಮೊದಲ ಸಾಲಿನ ಬೇರುಗಳಿಗೆ ಪ್ರೊಫೆಸರರು ಶಿಲೀಂಧ್ರ ಹಾಕಿದ್ದರು, ಎರಡನೆಯದಕ್ಕೆ ಹಾಕಿರಲಿಲ್ಲ. ಬೇರಿಗೆ ಅದರ ಆಸರೆ ಇಲ್ಲದಿದ್ದರೆ ಗಂಡು ಹೆಣ್ಣನ್ನು ಅದುಮಿಕೊಂಡು ಬೆಳೆಯುತ್ತದೆ ಎಂದು ಅವರು ಹೋದಲ್ಲೆಲ್ಲ ಹೇಳಿಕೊಂಡು ಬಂದಿದ್ದರು. ಎರಡು ವರ್ಷ ಕಳೆದರೂ ಎರಡೂ ಸಾಲಿನಲ್ಲಿ ಗಂಡು ಹೆಣ್ಣು ಸರಿಸಮನಾಗಿಯೇ ನಿಂತಿದ್ದವು. ನೋಡಲು ಬಂದ ಹಿರಿಯ ವಿಜ್ಞಾನಿಗಳು ಎರಡನೇ ಸಾಲಿನ ಬೇರುಗಳಲ್ಲೂ ಶಿಲೀಂಧ್ರ ತೋರಿಸಿ ನಕ್ಕಾಗ ಪ್ರೊಫೆಸರರಿಗೆ ತಲೆ ಎತ್ತಲಾಗಲಿಲ್ಲ.

ಆ ಅವಮಾನವನ್ನು ಅವರು ನೀರು ಬಿಡುವ ಬೀರಮ್ಮನ ತಲೆಗೆ ಕಟ್ಟಿದರು.

"ಆ ಸಾಲಿನ ಚಿಟಿಕೆ ಮಣ್ಣು ತಾಗಿದ್ರೂ ಸಾಕು, ಈ ಸಾಲಿಗೆಲ್ಲ ಬೂಷ್ಟು ಹಬ್ತದೆ ಅಂತ ಹೇಳಿರಲಿಲ್ವಾ? ಯಾಕೆ ಮುಟ್ಟಿದೆ?"

"ನಾ ಮುಟ್ಟೂದೇ ಇಲ್ರಾ, ಸಾರ್. ದೂರ ನಿಂತು ಪೈಪಲ್ಲಿ ನೀರು ಬಿಡೂದು."

"ಹಾಗಾದ್ರೆ ಬೂಷ್ಟಿಗೆ ಕಾಲು ಬಂತಾ?"

ಬಂದವರೆಲ್ಲ ನೋಡುತ್ತಿರುವಾಗಲೇ ಬೀರಮ್ಮ ಬುತ್ತಿಡಬ್ಬಿ ಎತ್ತಿಕೊಂಡು ಗೇಟು ದಾಟಿದಳು.

ಮರುದಿನ ಅವಳ ಜಾಗಕ್ಕೆ ಬಂದ ಹೆಂಗಸಿಗೆ ಪ್ರೊಫೆಸರರೇ ಕೆಲಸ ತೋರಿಸಿದರು.

"ನೀನು ಮಣ್ಣು ಮುಟ್ಟಬಾರದು. ಹಸಿ ಉಂಟೋ ಇಲ್ವೋ ಅಂತ ದಿನಾ ನಾನೇ ಬೆರಳು ಊರಿ ನೋಡ್ತೇನೆ, ಹೀಗೆ. ಎರಡು ವರ್ಷದಿಂದ ಒಂದು ದಿನ ತಪ್ಪಿಸಿದವನಲ್ಲ."

ಮೊದಲ ಸಾಲಿನ ಕುಂಡಗಳನ್ನೆಲ್ಲ ನೋಡಿ ಮುಗಿಸಿ, ಎರಡನೇ ಸಾಲಿನ ಮೊದಲ ಕುಂಡಕ್ಕೆ ಅವರು ಅದೇ ಬೆರಳು ಊರಿದರು.

"ನಡುವೆ ಕೈ ತೊಳೂದಿಲ್ರಾ, ಸಾರ್?" ಎಂದಳು ಅವಳು.