ಕೂದಲಿನ ಸಂಸಾರ

ಬಂಡೆಯ ಮರೆಯಲ್ಲಿ ಮದರಸಾಬ ಉಸಿರು ಬಿಗಿಹಿಡಿದು ಕುಳಿತಿದ್ದ. ಎದುರಿನ ಇಳಿಜಾರಿನಲ್ಲಿ ಮೈತುಂಬ ಕೂದಲಿನ ಮೂರು ಪ್ರಾಣಿಗಳು ಎರಡೇ ಕಾಲಿನಲ್ಲಿ ನಡೆದು ಬರುತ್ತಿದ್ದವು. ಮುಂದೆ ಗಂಡು, ನಡುವೆ ಮರಿ, ಹಿಂದೆ ಬೆನ್ನು ಬಾಗಿಸಿದ ಹೆಣ್ಣು. ಗಂಡು ನಿಂತಿತು. ಹೆಣ್ಣು ಬಂದು ಅದರ ಹೆಗಲ ಮೇಲೆ ತಲೆ ಇಟ್ಟಿತು.

ಮದರಸಾಬ ಎದ್ದು ನುಗ್ಗಲು ಹೋಗಿ ಮತ್ತೆ ಬಂಡೆಗೆ ಅಂಟಿ ಕುಳಿತ. ಆ ಹೆಣ್ಣು ವೇಷದೊಳಗೆ ಇದ್ದವಳು ತನ್ನ ಹೆಂಡತಿ ಎಂಬುದರಲ್ಲಿ ಅವನಿಗೆ ಯಾವ ಅನುಮಾನವೂ ಇರಲಿಲ್ಲ.

ಗಜೇಂದ್ರಗಡದ ನೇಕಾರ ಅವನು. ವಯಸ್ಸು ಐವತ್ತೆಂಟು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟರೆ ಊಟಕ್ಕೇ ಏಳುವುದು. ಉಳಿದದ್ದೆಲ್ಲ ಮುಮತಾಜಬಿಯದು. ಅಟ್ಟದ ಮೇಲಿನ ನೂಲಿನ ಗಂಟನ್ನು ಅವಳು ನಿಂತಲ್ಲಿಂದಲೇ ಕೈಚಾಚಿ ಇಳಿಸುತ್ತಿದ್ದಳು; ಅವನಿಗಾದರೆ ಸ್ಟೂಲು ಬೇಕು. ಮೂವತ್ತು ವರ್ಷ ಸಂಸಾರ ಹೀಗೇ ಸಾಗಿತ್ತು. ಈಗ ಹದಿನೈದು ದಿನದಿಂದ ಅವಳು ಬೆಳಗಿನ ಕೆಲಸ ಮುಗಿಸಿ, ಪಕ್ಕದ ಸೂಡಿ ಊರಿನ ಅಕ್ಕನ ಮನೆಗೆಂದು ಹೊರಡುತ್ತಿದ್ದಳು. ಆ ಅಕ್ಕನೇ ನಿನ್ನೆ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದಳು.

“ಮುಮತಾಜ ಹ್ಯಾಂಗದಾಳ? ರಂಜಾನ ಹಬ್ಬ ಆದ ಮ್ಯಾಲ ಮಾರಿನ ತೋರಿಸಿಲ್ಲಲ್ಲ?”

ಅದೇ ಸಂಜೆ ಹೆಂಡತಿಯ ಸೆರಗಿನಲ್ಲಿ ಗೇಣುದ್ದದ ಕಂದು ಕೂದಲು ಕಂಡಿತು. ಇವತ್ತು ಅವನು ಹಿಂಬಾಲಿಸಿದ. ಗುಡ್ಡದ ಮೇಲೆ ಡೇರೆಗಳು, ಕ್ಯಾಮೆರಾ, ಜನ. ಮುಮತಾಜಬಿ ಡೇರೆಗಳತ್ತ ಹೋದಳು. ಸ್ವಲ್ಪ ಹೊತ್ತಿಗೆ ಈ ಮೂರು ಪ್ರಾಣಿಗಳು ಹೊರಬಂದವು.

ಸಿನಿಮಾ ಮಾಡುತ್ತಿದ್ದವಳು ಧಾರವಾಡದ ನೀಲಾ. ಒಂದೂ ಮಾತಿಲ್ಲದ ಚಿತ್ರ. ಕಾಡುಮನುಷ್ಯರ ಒಂದು ಕುಟುಂಬ, ಅವರ ಒಂದು ವರ್ಷದ ಬದುಕು, ಅಷ್ಟೇ. ಅವಳ ನಿಯಮ ವಿಚಿತ್ರವಾಗಿತ್ತು: ವೇಷದೊಳಗೆ ಯಾರಿದ್ದಾರೆಂದು ಜೊತೆಗಾರರಿಗೂ ತಿಳಿಯಬಾರದು. ಒಬ್ಬೊಬ್ಬರಿಗೂ ಬೇರೆ ಡೇರೆ. ಮುಖವಾಡ ತೆಗೆಯುವಂತಿಲ್ಲ, ಬಾಯಿ ಬಿಡುವಂತಿಲ್ಲ. ಗುರುತು ಸಿಕ್ಕರೆ ನಾಚಿಕೆ ಬರುತ್ತದೆ, ನಾಚಿಕೆ ಬಂದರೆ ನಟನೆ ಕೆಡುತ್ತದೆ ಎನ್ನುತ್ತಿದ್ದಳು.

ಮಧ್ಯಾಹ್ನ ಅವಳೊಬ್ಬಳೇ ಇದ್ದಾಗ ಮದರಸಾಬ ಹೋಗಿ ನಿಂತ.

“ಆ ಗಂಡಿನ ವೇಷ ನನಗ ಕೊಡ್ರಿ.”

ನೀಲಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಕರದಂಗ ಬಂದ್ರಲ್ಲರಿ! ಅದರಾಗಿದ್ದವರಿಗೆ ಗುಡ್ಡ ಹತ್ತಿ ಇಳದು ಮೊಣಕಾಲ ಬಾತಾವು. ನಾಳಿಗೆ ಯಾರನ್ನ ಹಾಕ್ಲಿ ಅಂತ ಚಿಂತಿ ಹತ್ತಿತ್ತು.”

ರಾತ್ರಿ ಊಟದ ಹೊತ್ತಿಗೆ ಮುಮತಾಜಬಿ ಎರಡೂ ಕಾಲು ಚಾಚಿ ಉಪ್ಪಿನ ಶಾಖ ಕೊಟ್ಟುಕೊಳ್ಳುತ್ತಿದ್ದಳು. ಗುಡ್ಡದ ಮೇಲೆ ಕುಣಿದರೆ ಮತ್ತೇನಾದೀತು ಎಂದುಕೊಂಡ ಮದರಸಾಬ.

“ನಾಳೆ ಅಕ್ಕನ ಮನಿಗೆ ಹೋಗೂದಿಲ್ಲೇನು?”

“ಹೋಗಬೇಕ್ರಿ. ಕುಂತ ಮಾಡೂ ಕೆಲಸ ಭಾಳ ಅದಾವು.”

ತಾನೂ ನೂಲು ತರಲು ಒಂದು ವಾರ ರೋಣಕ್ಕೆ ಓಡಾಡಬೇಕು ಎಂದ. ಅವಳು ತಲೆಯೆತ್ತಿ ನೋಡಿ, ಮತ್ತೆ ಶಾಖ ಕೊಟ್ಟುಕೊಳ್ಳತೊಡಗಿದಳು.

ಮರುದಿನ ವೇಷ ಹಾಕಿದಾಗ ತೋಳುಗಳು ಬೆರಳ ತುದಿಯನ್ನೂ ದಾಟಿ ಜೋತುಬಿದ್ದವು. ಮೊದಲಿದ್ದ ಗಂಡಸು ತನಗಿಂತ ಎತ್ತರದವನು! ಅದೂ ಉರಿಸಿತು. ಹೆಣ್ಣು ಪ್ರಾಣಿಯ ಕಿವಿಯಲ್ಲಿ ‘ಮುಮತಾಜ’ ಎಂದು ಉಸುರಿ ಅವಳ ಕಾಲ ಕೆಳಗಿನ ನೆಲ ನಡುಗಿಸಬೇಕೆಂದು ಅವನ ಲೆಕ್ಕ. ಆದರೆ ನೀಲಾ ಮೊದಲು ಹೇಳಿದ ದೃಶ್ಯವೇ ಬೇರೆ: ಹೆಣ್ಣಿನ ಕಾಲಿಗೆ ಮುಳ್ಳು ಚುಚ್ಚಿದೆ, ತೆಗೆಯಬೇಕು.

ಆ ದೊಡ್ಡ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಹೆಂಡತಿಯ ಪಾದ ಮುಟ್ಟಿರಲಿಲ್ಲ. ಮುಳ್ಳು ತೆಗೆದ. ನೀಲಾ ಇನ್ನೊಮ್ಮೆ ಎಂದಳು. ಮತ್ತೊಮ್ಮೆ ಎಂದಳು. ಆರನೆಯ ಸಲ ಮುಳ್ಳು ತೆಗೆಯುವಾಗ ಅವನ ಸಿಟ್ಟು ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ.

ಆಮೇಲೆ ದಿನವೂ ಬಾರಿಹಣ್ಣು ಆರಿಸಿ ತಿನ್ನಿಸಿದ. ಕೈ ಅಡ್ಡ ಹಿಡಿದು ಬಿಸಿಲು ಮರೆ ಮಾಡಿದ. ನೀಲಾ ಕೇಳದಿದ್ದರೂ ಕಾಲು ಒತ್ತಿದ. ಹೆಣ್ಣು ಒಮ್ಮೆ ಸಂಕೋಚದಿಂದ ಕಾಲು ಎಳೆದುಕೊಂಡಿತು. ಪಾಪ, ರೂಢಿಯಿಲ್ಲ ಎಂದುಕೊಂಡು ಅವನು ಇನ್ನೂ ಹಗುರವಾಗಿ ಒತ್ತಿದ.

ಮನೆಯಲ್ಲಿ ಇಬ್ಬರೂ ಗುಟ್ಟು ಬಿಡಲಿಲ್ಲ.

“ಅಕ್ಕನ ಮನ್ಯಾಗ ಏನ ವಿಶೇಷ?” ಎಂದ ಒಂದು ಸಂಜೆ.

“ಅಲ್ಲೊಬ್ಬ ಗಂಡ ಹೇಣತಿ ಕಾಲಾಗಿನ ಮುಳ್ಳ ತಗದಾನ್ರಿ. ಎಷ್ಟ ಹಗೂರಕ ತಗದಾನಂದ್ರ, ನೋಡಿ ನನ್ನ ಕಣ್ಣಾಗ ನೀರ ಬಂತು.”

ತನ್ನ ಹೆಂಡತಿ ಪರಗಂಡಸನ್ನು ಹೊಗಳುತ್ತಿದ್ದಾಳೆ. ಆ ಪರಗಂಡಸು ತಾನೇ. ಉರಿಯಬೇಕೋ ಹಿಗ್ಗಬೇಕೋ ತಿಳಿಯದೆ, “ಭಾಳ ಚಲೋ ಮನಷ್ಯಾ ಇರಬೇಕು” ಎಂದ.

“ಅಲ್ಲಿ ಚಲೋ. ಮನ್ಯಾಗ ಹ್ಯಾಂಗೋ ಏನೋ” ಎಂದು ಅವಳು ಗೋಡೆಯ ಕಡೆ ತಿರುಗಿದಳು. ಅವಳ ಭುಜಗಳು ಸಣ್ಣಗೆ ಅಲುಗಿದವು. ಅಳುತ್ತಿದ್ದಾಳೆ ಎಂದುಕೊಂಡ. ಮರುದಿನ ಬೆಳಿಗ್ಗೆ ತಾನೇ ಚಹಾ ಕಾಸಿ ಅವಳ ಮುಂದಿಟ್ಟ.

ಏಳನೆಯ ದಿನ ಕೊನೆಯ ದೃಶ್ಯ. ಮುಳುಗುವ ಸೂರ್ಯನ ಎದುರು ಎರಡೂ ಪ್ರಾಣಿಗಳು ಒಂದಕ್ಕೊಂದು ಒರಗಿ ಕುಳಿತವು. ನೀಲಾ ಚಪ್ಪಾಳೆ ತಟ್ಟಿದಳು. “ಮುಗೀತ್ರಿ! ಮುಖವಾಡ ತಗೀರಿ.”

ಮದರಸಾಬ ಅದನ್ನೇ ಕಾಯುತ್ತಿದ್ದ. ತನ್ನದನ್ನು ಕಿತ್ತೆಸೆದು, ಒದ್ದೆ ಕಣ್ಣಿನಲ್ಲಿ ಹೆಣ್ಣಿನ ಎರಡೂ ಕೈ ಹಿಡಿದ. “ಮುಮತಾಜ, ಮಾಫ್ ಮಾಡು. ಇನ್ನ ಮ್ಯಾಲ ಮನ್ಯಾಗೂ ಹಿಂಗ ಇರತೇನಿ.”

ಹೆಣ್ಣು ಕೈ ಬಿಡಿಸಿಕೊಂಡು ತನ್ನ ಮುಖವಾಡ ಎತ್ತಿತು. ಒಳಗೆ ಬಿಳಿ ಗಡ್ಡ. ಬೆವರಿಳಿಯುವ ಮುಖ. ಹಿಂದಿನ ಓಣಿಯ ದರ್ಜಿ ಗೌಸುಸಾಬ! ಮಗ್ಗದ ಸಪ್ಪಳಕ್ಕೆ ಜಗಳ ತೆಗೆದು ಹನ್ನೊಂದು ವರ್ಷದಿಂದ ಮಾತು ಬಿಟ್ಟವನು.

“ನೀನೇನೋ ಮದರಸಾಬ?” ಗೌಸುಸಾಬ ಬೆರಗಾದ. “ಏನರ ಅನ್ನು, ಕಾಲ ಮಾತ್ರ ಭಾಳ ಚಲೋ ಒತ್ತತಿದ್ದಿ.”

ಮದರಸಾಬ ನೀಲಾಳತ್ತ ತಿರುಗಿ ತೊದಲಿದ: “ಹಂಗಾದ್ರ... ನನಗಿಂತ ಮೊದಲ ಈ ಗಂಡಿನ ವೇಷದಾಗ ಇದ್ದಾಂವ ಯಾರ್ರಿ?”

“ಇದ್ದಾಂವ ಅಲ್ರಿ, ಇದ್ದಾಕಿ” ಎನ್ನುತ್ತ ಮುಮತಾಜಬಿ, ವೇಷ ಹೊಲಿಯುತ್ತಿದ್ದ ಸೂಜಿ ದಾರ ಹಿಡಿದೇ, ಡೇರೆಯೊಳಗಿಂದ ಕುಂಟುತ್ತ ಹೊರಬಂದಳು.