ಮಂಗಳಗೌರಿಯ ಹೆಸರಿನಲ್ಲಿ

"ನನ್ ಕೈ ಎಲ್ಲೈತೆ ನೋಡೇ," ಎಂದು ಮಂಗಳಗೌರಿ ಎರಡೂ ಅಂಗೈಗಳನ್ನು ಗೆಳತಿ ಬಿಂದುಶ್ರೀಯ ಮುಂದೆ ಹಿಡಿದಳು. ತುಮಕೂರಿನ ಸೈಬರ್ ಸೆಂಟರಿನಲ್ಲಿ ಬಿಂದುಶ್ರೀ ರಿಫ್ರೆಶ್ ಒತ್ತಿದ್ದಳು. ಆರ್ಕುಟ್ ಜಾಲತಾಣದ ಕಾಲೇಜು ಪುಟದಲ್ಲಿ ಆಗಷ್ಟೇ ಬರೆದ ಹೊಸ ಸಾಲುಗಳಿದ್ದವು. ಪಕ್ಕದಲ್ಲಿ ಮಂಗಳಗೌರಿಯದೇ ಹೆಸರು, ಅವಳದೇ ಫೋಟೋ. "ಸೀನಿಯರ್‌ಗಳು ನಮಗೆ ಏನೂ ಮಾಡಿಲ್ಲ. ಬಿಂದುಶ್ರೀ ಹೇಳಿದ್ದಕ್ಕೆ ನಾನೂ ಸುಳ್ಳು ದೂರು ಕೊಟ್ಟೆ. ಅವಳೇ ಅವರ ಹಿಂದೆ ಬಿದ್ದಿದ್ದಳು."

ನಿಟ್ಟೂರಿನಿಂದ ದಿನಾ ಒಂದೇ ರೈಲಿನಲ್ಲಿ ಬರುತ್ತಿದ್ದ ಇಬ್ಬರೂ ಹೋದ ವಾರ ಧೈರ್ಯ ಮಾಡಿ, ದಾರಿಗೆ ಅಡ್ಡ ನಿಂತು ಕೈ ಎಳೆಯುತ್ತಿದ್ದ ಸೀನಿಯರ್‌ಗಳ ಮೇಲೆ ಪ್ರಿನ್ಸಿಪಾಲರಿಗೆ ದೂರು ಕೊಟ್ಟಿದ್ದರು. ಮರುದಿನವೇ ಈ ಬರಹ ಶುರುವಾಗಿತ್ತು. ಮಂಗಳಗೌರಿಗೆ ಆರ್ಕುಟ್ ಖಾತೆಯೇ ಇರಲಿಲ್ಲ. ಅದನ್ನು ನಂಬಿಸುವುದು ಹೇಗೆಂದು ಒದ್ದಾಡುತ್ತಿದ್ದವಳಿಗೆ ಈಗ ಹೋದ ಜೀವ ಬಂದಂತಾಯಿತು.

"ನಾನು ನಿನ್ ಪಕ್ಕದಲ್ಲೇ ಕೂತಿದೀನಿ. ಮತ್ತೆ ಇದನ್ನ ಬರೆದಿದ್ದು ಯಾರು? ಅವರೇ ಕಣೇ, ನಮ್ಮಿಬ್ಬರನ್ನ ಬೇರೆ ಮಾಡೋಕೆ."

ಬಿಂದುಶ್ರೀ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕೆಳಗೆ ಹಿಂದಿನ ಬರಹಗಳಿಗೆ ಹುಡುಗರ ಕುಹಕದ ಉತ್ತರಗಳು ಉದ್ದಕ್ಕೂ ಇದ್ದವು. "ಯಾರೋ ಹಿಂದೆ ಬರೆದಿದ್ದನ್ನ ಪ್ರಿಂಟ್ ತೆಗೆದು ನಮ್ಮಪ್ಪಂಗೆ ಕೊಟ್ಟವ್ರೆ. ಕಾಲೇಜು ಬಿಡಿಸ್ತೀನಿ ಅಂತಾವ್ರೆ," ಎಂದಳು ಮೆಲ್ಲಗೆ. ಆಮೇಲೆ ಗೆಳತಿಯ ಕಡೆ ತಿರುಗಿ ಕೇಳಿದಳು: "ಪಾಸ್‌ವರ್ಡ್ ಯಾರಿಗೆ ಕೊಟ್ಟಿದೀಯ?"

"ನಂಗೆ ಖಾತೆನೇ ಇಲ್ಲ ಕಣೇ," ಎಂದಳು ಮಂಗಳಗೌರಿ. ಬಿಂದುಶ್ರೀ ಬ್ಯಾಗು ಹೆಗಲಿಗೇರಿಸಿಕೊಂಡು ಎದ್ದಳು.

"ದೂರು ವಾಪಸ್ ತಗೊಂಡು ಬರ್ತೀನಿ. ನೀನು ಬರಬೇಡ."