ಹಿಂದಿನ ಗಾಜಿನ ಬರಹ

"ಹದಿನೈದು ದಿನದ ಹಿಂದೆ ಈ ಬ್ರೇಕ್ ರಿಪೇರಿ ಮಾಡಿದ್ದು ನೀವೇ ತಾನೆ? ಬನ್ನಿ, ಮಾಡಿದ ಘನಕಾರ್ಯ ನೀವೇ ನೋಡಿ."

ಟೋಯಿಂಗ್ ಗಾಡಿಯಿಂದ ಪುಟ್ಟ ಕಾರನ್ನು ಪೂರ್ತಿ ಇಳಿಸುವ ಮೊದಲೇ ಅವಳು ಮೆಕ್ಯಾನಿಕ್ ಮೇಲೆ ಹರಿಹಾಯ್ದಳು. ಹಿಂದಿನ ದಿನ ಬೆಳಿಗ್ಗೆ ಶಾಲೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಸೀದಾ ಕೆಳಗೆ ಹೋಗಿಬಿಟ್ಟಿತ್ತು. ಹ್ಯಾಂಡ್ ಬ್ರೇಕ್ ಎಳೆದು, ಕಾಂಪೌಂಡ್ ಗೋಡೆಗೆ ಉಜ್ಜಿ ಹೇಗೋ ನಿಲ್ಲಿಸಿದ್ದಳು. ಹಿಂದಿನ ಸೀಟಿನಲ್ಲಿದ್ದ ಎಂಟು ವರ್ಷದ ಮಗಳ ಗದ್ದಕ್ಕೆ ನಾಲ್ಕು ಹೊಲಿಗೆ ಬಿದ್ದಿದ್ದವು.

ಮೆಕ್ಯಾನಿಕ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ಅಕ್ಕಾ, ಈ ಗಾಡೀನ ನಾನು ಕಣ್ಣಲ್ಲಿ ನೋಡಿ ಆರು ತಿಂಗಳಾಯ್ತು."

"ಸುಳ್ಳು ಹೇಳ್ಬೇಡಿ. ಬ್ರೇಕಿನ ಕೆಂಪು ಲೈಟು ಹತ್ಕೊಂಡೇ ಇತ್ತು. ನಾನು ದಿನಾ ಹೇಳಿ ಹೇಳಿ ಸಾಕಾಗಿ, ಕೊನೆಗೆ ಇವರು ನಿಮ್ಮ ಹತ್ರ ತಂದು ಸರಿ ಮಾಡ್ಸಿದ್ರು. ಮಾರನೇ ದಿನದಿಂದ ಲೈಟು ಇಲ್ಲ."

ಇವರು ಅಂದರೆ ಗಂಡ. ಬಸ್ ನಿಲ್ದಾಣದ ಎದುರು ಅವನದು ಸ್ಟಿಕ್ಕರ್ ಕತ್ತರಿಸುವ ಅಂಗಡಿ. ಊರಿನ ಅರ್ಧ ವಾಹನಗಳ ಮೈಮೇಲಿನ ಅಕ್ಷರ, ಈ ಗ್ಯಾರೇಜಿನ ಬೋರ್ಡು, ಇದೇ ಕಾರಿನ ಹಿಂದಿನ ಗಾಜಿನ ಮೇಲೆ ಹಳದಿಯಲ್ಲಿ ಹೊಳೆಯುವ 'ಒಳಗೆ ನಮ್ಮ ಮಗಳಿದ್ದಾಳೆ, ದೂರವಿರಿ' ಎಲ್ಲವೂ ಅವನದೇ ಕೈಕೆಲಸ. ಅಷ್ಟು ಅಕ್ಷರ ಕತ್ತರಿಸುವವನಿಗೆ ಮಾತಾಡಬೇಕಾದ ಹೊತ್ತಿನಲ್ಲಿ ಮಾತ್ರ ನಾಲಿಗೆ ಏಳುವುದಿಲ್ಲ. ಈಗಲೂ ಹಳೇ ಟೈರುಗಳ ರಾಶಿಯ ಪಕ್ಕ ನಿಂತು ಮೊಬೈಲ್ ನೋಡುತ್ತಿದ್ದ.

"ಬಿಡೇ, ಬೇರೆ ಕಡೆ ತೋರಿಸೋಣ. ಸುಮ್ನೆ ಯಾಕೆ ಜಗಳ," ಎಂದ.

"ಬೇರೆ ಕಡೆ ಯಾಕಣ್ಣ? ನನ್ನ ಮೇಲೆ ಗೂಬೆ ಕೂರಿಸಿ ಹೊರಟುಬಿಡ್ತೀರಾ?" ಮೆಕ್ಯಾನಿಕ್‌ಗೂ ಸಿಟ್ಟು ನೆತ್ತಿಗೇರಿತು. ಬಾನೆಟ್ ಎತ್ತಿದ. ಬ್ರೇಕ್ ಆಯಿಲಿನ ಡಬ್ಬಿ ತಳದವರೆಗೂ ಖಾಲಿ. ಬಗ್ಗಿ ಒಂದೊಂದೇ ಚಕ್ರದ ಹಿಂದೆ ಕೈಯಾಡಿಸುತ್ತಾ ಬಂದವನು ಹಿಂದಿನ ಎಡ ಚಕ್ರದ ಹತ್ತಿರ ನಿಂತ. ಜಾಕ್ ಕೊಟ್ಟು ಅದನ್ನು ಬಿಚ್ಚಿದ. ಬ್ರೇಕ್ ಡ್ರಮ್ಮಿನ ಒಳಗೆ ಆಯಿಲ್ ಸೋರಿ, ಧೂಳು ಸೇರಿ, ಕಪ್ಪಗೆ ಅಂಟಂಟಾಗಿ ಮೆತ್ತಿಕೊಂಡಿತ್ತು.

"ನೋಡಿ ಅಕ್ಕಾ, ಇದು ನಿನ್ನೆ ಮೊನ್ನೆ ಸೋರಿದ್ದಲ್ಲ. ತಿಂಗಳಿಂದ ತೊಟ್ಟಿಕ್ಕಿದೆ. ಸರಿ ಮಾಡೋಕೆ ಒಂದು ಗಂಟೆ ಸಾಕು. ಆಯಿಲ್ ಕಮ್ಮಿ ಆದ ಕೂಡ್ಲೇ ಎಚ್ಚರಿಸೋಕೆ ಅಂತಾನೇ ಆ ಲೈಟು ಇರೋದು. ಡಬ್ಬಿ ಖಾಲಿಯಾದ್ರೂ ಹತ್ತಿಲ್ಲ ಅಂದ್ರೆ ಲೈಟಿಗೇ ಏನೋ ಆಗಿದೆ. ಒಳಗೆ ಕೂತು ಕೀ ತಿರುಗಿಸಿ, ಹ್ಯಾಂಡ್ ಬ್ರೇಕ್ ಎಳೀರಿ. ಅದಕ್ಕೂ ಅದೇ ಲೈಟು ಹತ್ಬೇಕು."

ಅವಳು ಎಳೆದಳು. ಬ್ಯಾಟರಿಯದು, ಇಂಜಿನ್ ಆಯಿಲಿನದು, ಬಾಗಿಲಿನದು, ಎಲ್ಲ ಹತ್ತಿದವು. ಬ್ರೇಕಿನದು ಹತ್ತಲಿಲ್ಲ. ಹದಿನೈದು ದಿನ ಕಾರು ನಿಲ್ಲಿಸಿದಾಗಲೆಲ್ಲ ಹ್ಯಾಂಡ್ ಬ್ರೇಕ್ ಎಳೆದಿದ್ದಳು, ಒಂದು ದಿನವೂ ಇದನ್ನು ಗಮನಿಸಿರಲಿಲ್ಲ. ಅವಳಿಗೆ ತನ್ನ ಮೇಲೇ ಕೆಟ್ಟ ಕೋಪ ಬಂತು.

ಮೆಕ್ಯಾನಿಕ್ ಕಿಟಕಿಯಿಂದ ತಲೆ ತೂರಿಸಿ ಮೀಟರಿನ ಗಾಜಿನ ಮೇಲೆ ಉಗುರು ಆಡಿಸಿದ. ಒಂದು ಕಡೆ ಉಗುರು ತಡೆಯಿತು. ಮೆಲ್ಲಗೆ ಕೆರೆದು ಎಬ್ಬಿಸಿದರೆ, ಬಟಾಣಿಯಷ್ಟು ಅಗಲದ ಕಪ್ಪು ಸ್ಟಿಕ್ಕರ್ ಕಿತ್ತು ಬಂತು. ಅದರ ಹಿಂದೆ ಕೆಂಪು ದೀಪ ಉರಿಯುತ್ತಲೇ ಇತ್ತು.

ಸ್ಟಿಕ್ಕರ್ ದುಂಡಗಿತ್ತು, ಅಂಚಿನಲ್ಲಿ ಒಂದೆಳೆ ಹೆಚ್ಚುಕಮ್ಮಿಯಿಲ್ಲ. ಕತ್ತರಿಯಿಂದ ಕತ್ತರಿಸಿದ್ದಲ್ಲ, ಅಳತೆ ಕೊಟ್ಟು ಮಿಷನ್ನಿನಲ್ಲಿ ತೆಗೆದದ್ದು. ಮೆಕ್ಯಾನಿಕ್ ತಲೆಯೆತ್ತಿ ತನ್ನ ಗ್ಯಾರೇಜಿನ ಬೋರ್ಡನ್ನೊಮ್ಮೆ ನೋಡಿದ. ಅವಳೂ ನೋಡಿದಳು.

"ನೀನು ದಿನಾ ಅದನ್ನೇ ನೋಡ್ಕೊಂಡು ಹೆದರ್ತಿದ್ದೆ," ಗಂಡನಿಗೆ ಕೊನೆಗೂ ಮಾತು ಬಂತು. "ಊಟಕ್ಕೆ ಕೂತ್ರೂ ಅದೇ ಮಾತು, ಮಲಗೋಕೆ ಹೋದ್ರೂ ಅದೇ ಮಾತು. ಸ್ವಲ್ಪ ದಿನ ನಿನಗೂ ನೆಮ್ಮದಿ ಇರ್ಲಿ ಅಂತ... ಅಂಗಡೀಲಿ ಕೈತುಂಬ ಕೆಲಸ ಇತ್ತು. ಈ ಶನಿವಾರ ಮಾಡಿಸೋಣ ಅಂತಾನೇ ಇದ್ದೆ."

"ನನ್ನ ನೆಮ್ಮದಿಗೆ." ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು, ದನಿ ಮಾತ್ರ ಇಳಿದಿತ್ತು. "ಕೂತು ಅಳತೆ ತಗೊಂಡ್ರಿ. ಅಂಗಡಿಗೆ ಹೋಗಿ ಮಿಷನ್ ಹಾಕಿದ್ರಿ. ಕಪ್ಪಿಗೆ ಕಪ್ಪು ಬಣ್ಣ ಹುಡುಕಿ, ತಂದು ಅಂಟಿಸಿದ್ರಿ. ಅಷ್ಟು ಹೊತ್ತಲ್ಲಿ ಇಲ್ಲಿಗೇ ಬಂದು ಹೋಗ್ಬಹುದಿತ್ತಲ್ರೀ."

ಅವನು ಟೈರಿನ ಮೇಲಿನ ಧೂಳನ್ನು ಬೆರಳಲ್ಲಿ ಒರೆಸುತ್ತಾ ನಿಂತ. ಅವಳು ಕಾರಿನಿಂದ ಇಳಿದು ಮೆಕ್ಯಾನಿಕ್ ಕಡೆ ತಿರುಗಿ, "ತಪ್ಪಾಯ್ತಣ್ಣ, ನಿಮ್ಮನ್ನ ಬಾಯಿಗೆ ಬಂದ ಹಾಗೆ ಅಂದೆ," ಎಂದಳು. ಸ್ಟಿಕ್ಕರನ್ನು ಅವನ ಬೆರಳಿಂದ ತೆಗೆದುಕೊಂಡು, ಗಂಡನ ತೋಳು ಹಿಡಿದು ಕಾರಿನ ಹಿಂಭಾಗಕ್ಕೆ ಕರೆತಂದು ನಿಲ್ಲಿಸಿದಳು. ಹಳದಿ ಅಕ್ಷರಗಳ ಸಂದಿಯಿಂದ ಹಿಂದಿನ ಸೀಟು ಕಾಣುತ್ತಿತ್ತು. ಸೀಟಿನ ಮೇಲೆ ನಿನ್ನೆಯ ರಕ್ತ ಒಣಗಿ ಕಂದಾಗಿತ್ತು.

ಅವಳು ಸ್ಟಿಕ್ಕರನ್ನು ಅವನ ಅಂಗೈಗೆ ಅಂಟಿಸಿ, ಗಾಜಿನ ಮೇಲಿನ ಹಳದಿ ಅಕ್ಷರಗಳತ್ತ ಬೆರಳು ತೋರಿಸಿದಳು.

"ಇದನ್ನ ಊರವರೆಲ್ಲ ಓದಿದ್ರು, ದೂರಾನೇ ಇದ್ರು. ಬರೆದೋರು ನೀವೊಬ್ರೇ ಓದಿಲ್ಲ."